ಕೈಯಲ್ಲಿ ಮೂರು ಆಫರ್ ಲೆಟರ್: ಕಂಪ್ಯೂಟರ್ ಸೈನ್ಸಿಗೆ ಯಾವ ಕಾಲೇಜು?

ಮಲೇಷ್ಯಾದಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಹನ್ನೆರಡನೆಯ ತರಗತಿಯನ್ನೋ ಎ-ಲೆವೆಲ್ಲನ್ನೋ ಮುಗಿಸಿದ ಮಕ್ಕಳಿದ್ದರೆ ಆ ವರ್ಷ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಯುಗಾದಿಯ ಊಟಕ್ಕೆ ಸೇರಿದರೂ ಅದೇ ಮಾತು, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯವರು ಕೇಳುವುದೂ ಅದನ್ನೇ: "ಮಗಳಿಗೆ ಎಲ್ಲಿ ಸೀಟು ಸಿಕ್ಕಿತು?" ಹೆಚ್ಚಿನವರಿಗೆ ಬೇಕಾಗಿರುವುದು ಕಂಪ್ಯೂಟರ್ ಸೈನ್ಸ್. ಹಣ ಕಟ್ಟಲು ಸಿದ್ಧರಿರುವವರಿಗೆ ಸೀಟು ಸಿಗುವುದು ಇಂದು ಅಷ್ಟು ಕಷ್ಟವಲ್ಲ. ಸಿಕ್ಕ ಎರಡು-ಮೂರು ಸೀಟುಗಳಲ್ಲಿ ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ಬಿಡುವುದೇ ಕಷ್ಟ. ಆಫರ್ ಲೆಟರ್ ಕೈಸೇರಿದ ಕೆಲವೇ ವಾರಗಳಲ್ಲಿ ಮುಂಗಡ ಹಣ ಕಟ್ಟಬೇಕು. ಹತ್ತು-ಹದಿನೈದು ವರ್ಷ ಕೂಡಿಟ್ಟ ದುಡ್ಡು ಯಾವ ಕಡೆ ಹೋಗಬೇಕೆಂಬ ತೀರ್ಮಾನ ಆ ಕೆಲವೇ ವಾರಗಳಲ್ಲಿ ಆಗಿಬಿಡುತ್ತದೆ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು, ಹೊಸ ಪದವೀಧರರನ್ನು ಸಂದರ್ಶನ ಮಾಡಿ ಆರಿಸುವ ಹೊಣೆಯನ್ನೂ ಹಲವು ವರ್ಷಗಳಿಂದ ಹೊತ್ತಿದ್ದೇನೆ. ಹಾಗಾಗಿ ಪರಿಚಯದವರು ಮಕ್ಕಳನ್ನು ಕರೆತಂದು, "ಸ್ವಲ್ಪ ನೋಡಿ ಹೇಳಿ ಸಾರ್, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಪತ್ರಗಳನ್ನು ಮುಂದಿಡುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಂದೆಡೆ ಬರೆದಿದ್ದೇನೆ. ನಾನು ಹೇಳುವುದು ಇಷ್ಟೇ: ಪತ್ರದ ತಲೆಯ ಮೇಲಿರುವ ಹೆಸರನ್ನು ಸ್ವಲ್ಪ ಹೊತ್ತು ಬೆರಳಿನಿಂದ ಮುಚ್ಚಿ. ಮೊದಲ ಸೆಮಿಸ್ಟರಿನಿಂದ ಕೊನೆಯ ಸೆಮಿಸ್ಟರಿನವರೆಗೆ ನಿಮ್ಮ ಹುಡುಗ ಅಥವಾ ಹುಡುಗಿ ಏನು ಕಲಿಯುತ್ತಾರೆ, ಮನೆಯಿಂದ ಒಟ್ಟು ಎಷ್ಟು ಹೋಗುತ್ತದೆ, ನಡುವೆ ಮನೆಯ ಪರಿಸ್ಥಿತಿ ಬದಲಾದರೆ ಓದು ಏನಾಗುತ್ತದೆ ಎಂಬ ಮೂರು ಲೆಕ್ಕ ಹಾಕಿ. ಆಮೇಲೆ ಬೆರಳು ತೆಗೆಯಿರಿ.

ಇಷ್ಟೊಂದು ದಾರಿಗಳು ಬಂದದ್ದು ಹೇಗೆ?

ಮಲೇಷ್ಯಾದಲ್ಲಿ ಇಷ್ಟು ಆಯ್ಕೆಗಳು ಮೊದಲಿನಿಂದಲೂ ಇರಲಿಲ್ಲ. 1990ರ ದಶಕದ ಮಧ್ಯದವರೆಗೆ ಖಾಸಗಿ ಕಾಲೇಜುಗಳಿಗೆ ತಾವೇ ಪದವಿ ಕೊಡುವ ಅಧಿಕಾರವಿರಲಿಲ್ಲ. ಅವು ವಿದೇಶದ ವಿಶ್ವವಿದ್ಯಾಲಯಗಳೊಂದಿಗೆ ಒಪ್ಪಂದ ಮಾಡಿಕೊಂಡು, ಒಂದೋ ಎರಡೋ ವರ್ಷ ಇಲ್ಲಿ ಪಾಠ ಮಾಡಿ ಉಳಿದದ್ದಕ್ಕೆ ಅಲ್ಲಿಗೆ ಕಳುಹಿಸುತ್ತಿದ್ದವು. ಇದಕ್ಕೆ ಟ್ವಿನಿಂಗ್ ಎಂದು ಹೆಸರು. ನಮ್ಮ ಊರಿಗೂ ಇದರ ನಂಟುಂಟು: 1997ರಲ್ಲಿ ಶುರುವಾದ ಮೆಲಾಕ-ಮಣಿಪಾಲ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಎಂ.ಬಿ.ಬಿ.ಎಸ್.ನ ಮೊದಲ ಭಾಗವನ್ನು ಮಣಿಪಾಲದಲ್ಲೂ ಉಳಿದದ್ದನ್ನು ಮೆಲಾಕದಲ್ಲೂ ಓದುತ್ತಿದ್ದರು. ಉಡುಪಿಯ ಹೋಟೆಲಿನ ದೋಸೆಯ ರುಚಿ ಬಲ್ಲ ಮಲಯ, ಚೀನೀ ವೈದ್ಯರನ್ನು ಇಲ್ಲಿ ಈಗಲೂ ನೋಡಬಹುದು!

1996ರಲ್ಲಿ ಖಾಸಗಿ ಉನ್ನತ ಶಿಕ್ಷಣ ಸಂಸ್ಥೆಗಳ ಕಾಯಿದೆ ಬಂತು. ಅದೇ ವರ್ಷ ಮಲ್ಟಿಮೀಡಿಯಾ ಸೂಪರ್ ಕಾರಿಡಾರ್ ಯೋಜನೆ ಆರಂಭವಾಗಿ, ಎಣ್ಣೆ ತಾಳೆಯ ತೋಟಗಳಿದ್ದ ಜಾಗದಲ್ಲಿ ಸೈಬರ್‌ಜಯ ಎದ್ದಿತು. ದೇಶದ ದೊಡ್ಡ ಕಂಪನಿಗಳೇ ವಿಶ್ವವಿದ್ಯಾಲಯಗಳನ್ನು ತೆರೆದವು. ಟೆಲಿಕಾಂ ಮಲೇಷ್ಯಾದಿಂದ ಮಲ್ಟಿಮೀಡಿಯಾ ಯೂನಿವರ್ಸಿಟಿ, ಪೆಟ್ರೋನಾಸ್‌ನಿಂದ ಪೆರಾಕ್‌ನಲ್ಲಿ ಯುಟಿಪಿ, ವಿದ್ಯುತ್ ಕಂಪನಿ ತೆನಾಗಾದಿಂದ ಯುನಿಟೆನ್ ಹುಟ್ಟಿದವು. 1998ರಲ್ಲಿ ಆಸ್ಟ್ರೇಲಿಯಾದ ಮೊನಾಶ್, 2000ದಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ತಮ್ಮ ಶಾಖೆಗಳನ್ನು ಇಲ್ಲಿ ತೆರೆದವು.

ಈ ಬೆಳವಣಿಗೆಗೆ ಇನ್ನೊಂದು ಕಾರಣವಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂದು ಆಫರ್ ಲೆಟರ್ ಹಿಡಿದು ಕುಳಿತಿರುವ ಪೋಷಕರಿಗೂ ಅದು ಪಾಠವೇ. 1997ರ ಮಧ್ಯದಲ್ಲಿ ಒಂದು ಅಮೆರಿಕನ್ ಡಾಲರಿಗೆ ಸುಮಾರು ಎರಡೂವರೆ ರಿಂಗಿಟ್ ಇತ್ತು. ಆ ಜುಲೈನಲ್ಲಿ ಥಾಯ್ಲೆಂಡಿನಿಂದ ಶುರುವಾದ ಹಣಕಾಸಿನ ಬಿಕ್ಕಟ್ಟು ಇಲ್ಲಿಗೂ ಹಬ್ಬಿ, 1998ರ ಜನವರಿಯಲ್ಲಿ ಡಾಲರಿನ ಬೆಲೆ ನಾಲ್ಕೂವರೆ ರಿಂಗಿಟ್ಟನ್ನೂ ದಾಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು 3.80ಕ್ಕೆ ಕಟ್ಟಿಹಾಕಿತು, 2005ರ ಜುಲೈವರೆಗೆ ಅದೇ ದರ ಉಳಿಯಿತು. ಈಗ ಒಂದು ಮನೆಯ ಲೆಕ್ಕ ನೋಡಿ. ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ, ವರ್ಷಕ್ಕೆ 10,000 ಡಾಲರ್ ಫೀಸು ಎಂದಿಟ್ಟುಕೊಳ್ಳಿ. ಸೇರಿದ ವರ್ಷ ಅಪ್ಪ 25,000 ರಿಂಗಿಟ್ ಕಟ್ಟಿದ್ದರು. ಮಗ ಅದೇ ಕಾಲೇಜಿನಲ್ಲಿ ಅದೇ ಫೀಸಿಗೆ ಓದುತ್ತಿದ್ದರೂ ಈಗ 38,000 ಬೇಕು. ಇಂತಹ ಅದೆಷ್ಟೋ ಮಕ್ಕಳು ಅರ್ಧದಲ್ಲೇ ಹಿಂತಿರುಗಬೇಕಾಯಿತು. ಆಗಲೇ '3+0' ಎಂಬ ವ್ಯವಸ್ಥೆಗೆ ಅನುಮತಿ ಸಿಕ್ಕಿದ್ದು. ಮೂರೂ ವರ್ಷ ಇಲ್ಲಿಯೇ ಓದಿ ವಿದೇಶದ ವಿಶ್ವವಿದ್ಯಾಲಯದ ಪದವಿ ಪಡೆಯುವ ದಾರಿ ಅದು. ಇಂದಿನ ಅನೇಕ ಖಾಸಗಿ ಕಾಲೇಜುಗಳ ಕೋರ್ಸುಗಳಿಗೆ ಅದೇ ತಳಪಾಯ.

ಆದ್ದರಿಂದ ಯಾವುದೇ ಆಫರನ್ನು ತೂಗುವಾಗ ಮೊದಲ ವರ್ಷದ ಫೀಸಿನಿಂದ ಲೆಕ್ಕ ಶುರುಮಾಡಬೇಡಿ, ಕೊನೆಯ ವರ್ಷದ್ದರಿಂದ ಶುರುಮಾಡಿ. ಸಂಬಳ ರಿಂಗಿಟ್ಟಿನಲ್ಲಿ, ಫೀಸು ಡಾಲರಿನಲ್ಲೋ ಪೌಂಡಿನಲ್ಲೋ ಇದ್ದರೆ, ದರ ನಾಲ್ಕರಲ್ಲಿ ಒಂದು ಪಾಲು ಏರಿದರೂ ನಿಭಾಯಿಸಬಲ್ಲೆವೇ ಎಂದು ಕೇಳಿಕೊಳ್ಳಿ. ಹಾಸ್ಟೆಲು, ಊಟ, ವಿಮಾನದ ಟಿಕೆಟ್ಟು, ಲ್ಯಾಪ್‌ಟಾಪು, ವಿಮೆ, ಪಾಸಿನ ಖರ್ಚು ಎಲ್ಲವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಸರಿ, ಆದರೆ ಈ ಹಾಸಿಗೆ ನಾಲ್ಕು ವರ್ಷದಲ್ಲಿ ಕುಗ್ಗಲೂಬಹುದು.

ಇಲ್ಲಿಯ ಪದವಿಯ ಮಾನ್ಯತೆಯನ್ನು ನೋಡಿಕೊಳ್ಳುವುದು 2007ರಲ್ಲಿ ಸ್ಥಾಪನೆಯಾದ ಮಲೇಷ್ಯನ್ ಕ್ವಾಲಿಫಿಕೇಷನ್ಸ್ ಏಜೆನ್ಸಿ, ಅಂದರೆ ಎಂ.ಕ್ಯು.ಎ. ಹೊಸ ಕೋರ್ಸಿಗೆ ಮೊದಲು ತಾತ್ಕಾಲಿಕ ಮಾನ್ಯತೆ ಕೊಡುತ್ತಾರೆ. ಮೊದಲ ತಂಡ ಪದವಿಯ ಹೊಸ್ತಿಲಿಗೆ ಬರುವ ಹೊತ್ತಿಗೆ ಪೂರ್ಣ ಮಾನ್ಯತೆಗಾಗಿ ಪರಿಶೀಲನೆ ನಡೆಯುತ್ತದೆ. ತಾತ್ಕಾಲಿಕವೆಂದರೆ ಕೆಟ್ಟದ್ದೆಂದಲ್ಲ, ಆದರೆ ನಿಮ್ಮ ಮಗಳು ಆ ಕೋರ್ಸಿನ ಮೊದಲ ತಂಡದವಳು ಎಂಬುದು ನಿಮಗೆ ತಿಳಿದಿರಬೇಕು. ಕೆಲವು ವಿಶ್ವವಿದ್ಯಾಲಯಗಳಿಗೆ 2010ರಿಂದೀಚೆಗೆ ತಮ್ಮ ಕೋರ್ಸುಗಳಿಗೆ ತಾವೇ ಮಾನ್ಯತೆ ಕೊಟ್ಟುಕೊಳ್ಳುವ ಅಧಿಕಾರವೂ ಸಿಕ್ಕಿದೆ. ಎಂ.ಕ್ಯು.ಎ.ಯ ನೋಂದಣಿ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಕಾಲೇಜಿನ ಹೆಸರು ಅಲ್ಲಿದ್ದರೆ ಸಾಲದು, ಆಫರ್ ಲೆಟರಿನಲ್ಲಿರುವ ಕೋರ್ಸಿನ ಹೆಸರೇ ಅಕ್ಷರಶಃ ಇರಬೇಕು.

ಇಲ್ಲಿಯ ಪೌರತ್ವವಿರುವ ಕುಟುಂಬಗಳಿಗೆ ಯುಪಿಯು ಮೂಲಕ ಮಲಯಾ ವಿಶ್ವವಿದ್ಯಾಲಯ, ಪೆನಾಂಗಿನ ಯುಎಸ್‌ಎಂ, ಜೊಹೋರಿನ ಯುಟಿಎಂ ಮುಂತಾದ ಸರ್ಕಾರಿ ಸಂಸ್ಥೆಗಳೂ, ಪಿಟಿಪಿಟಿಎನ್ ಸಾಲವೂ ಇವೆ. ಅಲ್ಲಿ ಸೀಟು ಸಿಕ್ಕಿದರೆ ಖರ್ಚಿನ ದೃಷ್ಟಿಯಿಂದ ಹೆಚ್ಚು ಯೋಚಿಸಬೇಕಾಗಿಲ್ಲ. ಅವರಿಗೆ ನನ್ನದು ಒಂದೇ ಸೂಚನೆ: ಹುಡುಗ ಫಾರ್ಮ್ 4ರಲ್ಲಿರುವಾಗ "ಕಷ್ಟ" ಎಂದು ಅಡಿಷನಲ್ ಮ್ಯಾಥ್ಸ್ ಬಿಡಲು ಹೊರಟರೆ ತಡೆಯಿರಿ. ಕಂಪ್ಯೂಟರ್ ಸೈನ್ಸಿನ ಪ್ರವೇಶದ ಅರ್ಹತೆಯಲ್ಲಿ ಆ ವಿಷಯದ ಅಂಕವನ್ನು ನೋಡುತ್ತಾರೆ.

ಭಾರತದ ಕಡೆಯ ಬಾಗಿಲುಗಳು

ನಮ್ಮಲ್ಲಿ ಅನೇಕರಿಗೆ ಮಗ ಬೆಂಗಳೂರಿನಲ್ಲೋ ಸುರತ್ಕಲ್ಲಿನಲ್ಲೋ ಓದಲಿ, ಅಜ್ಜ-ಅಜ್ಜಿಯ ಹತ್ತಿರ ಇರಲಿ, ಕನ್ನಡವೂ ಉಳಿಯಲಿ ಎಂಬ ಆಸೆ. ಆಸೆ ತಪ್ಪಲ್ಲ. ಹೊರದೇಶದಲ್ಲಿರುವವರಿಗೆ ಎನ್‌ಐಟಿಗಳ ಬಾಗಿಲು 'ದಾಸಾ' ಎಂಬ ಯೋಜನೆ. ಮೊದಲೆಲ್ಲ ಇದಕ್ಕೆ ಅಮೆರಿಕದ ಸ್ಯಾಟ್ ವಿಷಯ ಪರೀಕ್ಷೆಗಳ ಅಂಕ ನೋಡುತ್ತಿದ್ದರು. 2021ರಲ್ಲಿ ಆ ಪರೀಕ್ಷೆಗಳೇ ನಿಂತುಹೋದ್ದರಿಂದ ಈಗ ಜೆಇಇ ಮೈನ್ ರ‍್ಯಾಂಕಿನ ಮೇಲೆ ಸೀಟು ಹಂಚುತ್ತಾರೆ. ಭಾರತದ ಹೊರಗೂ ಈ ಪರೀಕ್ಷೆಗೆ ಕೇಂದ್ರಗಳಿವೆ, ಕೌಲಾಲಂಪುರವೂ ಆ ಪಟ್ಟಿಯಲ್ಲಿ ಬಂದಿದೆ. ಭಾರತದ ಪೌರತ್ವವಿರುವ ಮಕ್ಕಳು ಹನ್ನೊಂದು, ಹನ್ನೆರಡನೆಯ ತರಗತಿಗಳನ್ನು ಹೊರದೇಶದಲ್ಲೇ ಓದಿರಬೇಕೆಂಬ ನಿಯಮವಿರುವುದರಿಂದ, "ಪಿಯುಸಿಗೆ ಮೈಸೂರಿಗೆ ಕಳಿಸಿ ಆಮೇಲೆ ದಾಸಾದಲ್ಲಿ ಹಾಕೋಣ" ಎಂಬ ಯೋಜನೆ ನಡೆಯುವುದಿಲ್ಲ. ಆಯಾ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಿ.

ಫೀಸಿನ ವಿಷಯದಲ್ಲಿ ಇಲ್ಲಿಯವರು ಒಂದು ಗೊಂದಲಕ್ಕೆ ಸಿಲುಕುತ್ತಾರೆ. ದುಬೈಯಲ್ಲಿರುವ ಭಾವ ಫೋನಿನಲ್ಲಿ, "ನಮ್ಮ ಹುಡುಗ ಸುರತ್ಕಲ್ಲಿನಲ್ಲಿ ಊರಿನ ಮಕ್ಕಳಷ್ಟೇ ಫೀಸು ಕಟ್ಟುತ್ತಾನೆ" ಎನ್ನುತ್ತಾರೆ. ಅದು ನಿಜವಿರಬಹುದು, ಏಕೆಂದರೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಅಂತಹದೊಂದು ಪ್ರತ್ಯೇಕ ವಿಭಾಗವಿದೆ. ಮಲೇಷ್ಯಾ ಆ ವಿಭಾಗಕ್ಕೆ ಸೇರುವುದಿಲ್ಲ. ನಮಗೆ ಅನ್ವಯಿಸುವುದು ದಾಸಾದ ಸಾಮಾನ್ಯ ದರ, ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿ ಸೆಮಿಸ್ಟರಿಗೆ 4,000 ಡಾಲರ್ ಬೋಧನಾ ಶುಲ್ಕ. ಎಂಟು ಸೆಮಿಸ್ಟರಿಗೆ 32,000 ಡಾಲರ್ ಆಯಿತು; ಹಾಸ್ಟೆಲು, ಊಟ ಬೇರೆ. ಓದು ಭಾರತದಲ್ಲಾದರೂ ಫೀಸು ಡಾಲರಿನಲ್ಲಿ, ಹಾಗಾಗಿ ಮೇಲೆ ಹೇಳಿದ 1997ರ ಕಥೆ ಇಲ್ಲಿಗೂ ಸಲ್ಲುತ್ತದೆ. 1960ರಲ್ಲಿ ಕೆಆರ್‌ಇಸಿ ಎಂದು ಹುಟ್ಟಿ 2002ರಲ್ಲಿ ಎನ್‌ಐಟಿಕೆ ಆದ ಆ ಸುರತ್ಕಲ್ ಕಾಲೇಜು ಈ ಹಣಕ್ಕೆ ಯೋಗ್ಯವೇ? ಮನೆಯ ಮೇಲೆ ಸಾಲವಾಗದಿದ್ದರೆ ಖಂಡಿತ ಯೋಗ್ಯ ಎಂಬುದು ನನ್ನ ಅನಿಸಿಕೆ. ಅಲ್ಲಿ ಸಿಗುವ ಸಹಪಾಠಿಗಳ ಮಟ್ಟ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ಬಾಗಿಲು ಕರ್ನಾಟಕದ ಖಾಸಗಿ ಕಾಲೇಜುಗಳ ಎನ್‌ಆರ್‌ಐ ಕೋಟಾ. ಇನಾಂದಾರ್ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಶೇ. 15ರವರೆಗೆ ಇಂತಹ ಸೀಟುಗಳಿಗೆ ಒಪ್ಪಿಗೆ ಕೊಟ್ಟಿತು. ಇಲ್ಲಿ ಸೀಟಿಗಿಂತ ಕಾಗದ ಮುಖ್ಯ. ನಾಲ್ಕೂ ವರ್ಷದ ಶುಲ್ಕ ಎಷ್ಟು, ವರ್ಷವರ್ಷ ಏರುತ್ತದೆಯೇ, ನಡುವೆ ತಂದೆ ಭಾರತಕ್ಕೆ ಮರಳಿದರೆ ಶುಲ್ಕ ಬದಲಾಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ರಸೀದಿ ಇಲ್ಲದ ಹಣ ಕೇಳಿದರೆ ಎದ್ದು ಬನ್ನಿ. ಕಾಲೇಜು ಸ್ವಾಯತ್ತವೋ ಅಲ್ಲವೋ ಎಂಬುದನ್ನೂ ನೋಡಿ. ಸ್ವಾಯತ್ತ ಕಾಲೇಜು ತನ್ನ ಸಿಲಬಸ್ಸನ್ನು ತಾನೇ ರೂಪಿಸಿ ತಾನೇ ಪರೀಕ್ಷೆ ನಡೆಸುತ್ತದೆ. ಉಳಿದವು ಬೆಳಗಾವಿಯ ವಿಟಿಯು ಸಿಲಬಸ್ಸನ್ನು ಅನುಸರಿಸುತ್ತವೆ. ನಾನು ಬಿ.ಇ. ಸೇರಿದ 1998ರಲ್ಲೇ ವಿಟಿಯು ಹುಟ್ಟಿದ್ದರಿಂದ ಅದರ ಮೇಲೆ ನನಗೆ ಸ್ವಲ್ಪ ಮಮಕಾರವಿದೆ, ಅದನ್ನು ಓದುಗರು ಕಳೆದು ಓದಿಕೊಳ್ಳಬೇಕು.

ಪಕ್ಕದ ಸಿಂಗಪುರದ ಬಗ್ಗೆ ಎರಡು ಮಾತು. ಎನ್‌ಯುಎಸ್, ಎನ್‌ಟಿಯು ಎರಡೂ ಉತ್ತಮ ವಿಶ್ವವಿದ್ಯಾಲಯಗಳು. ವಿದೇಶಿ ವಿದ್ಯಾರ್ಥಿಗಳು ಅಲ್ಲಿನ ಸರ್ಕಾರದ ಟ್ಯೂಷನ್ ಗ್ರಾಂಟ್ ಪಡೆದರೆ ಓದಿದ ಮೇಲೆ ಮೂರು ವರ್ಷ ಸಿಂಗಪುರದ ಕಂಪನಿಗಳಲ್ಲಿ ಕೆಲಸ ಮಾಡುವ ಕರಾರಿಗೆ ಸಹಿ ಹಾಕಬೇಕು. ಕಂಪ್ಯೂಟರ್ ಓದಿದವರಿಗೆ ಅದು ಹೊರೆಯೇನಲ್ಲ. ಆದರೆ ಆ ಸೀಟು ಸಿಕ್ಕವರು ನನ್ನ ಬಳಿ ಸಲಹೆ ಕೇಳಲು ಬರುವುದಿಲ್ಲ!

ಸಿಲಬಸ್ ಓದುವುದು ಹೇಗೆ?

ಕಂಪ್ಯೂಟರ್ ಸೈನ್ಸ್, ಸಾಫ್ಟ್‌ವೇರ್ ಎಂಜಿನಿಯರಿಂಗ್, ಇನ್ಫರ್ಮೇಷನ್ ಟೆಕ್ನಾಲಜಿ, ಇನ್ಫರ್ಮೇಷನ್ ಸಿಸ್ಟಮ್ಸ್ ಎಂದು ಮಲೇಷ್ಯಾದಲ್ಲಿ ಬೇರೆ ಬೇರೆ ಪದವಿಗಳಿವೆ. ಮೊದಲನೆಯದರಲ್ಲಿ ಗಣಿತ ಮತ್ತು ಮೂಲತತ್ವಗಳು ಹೆಚ್ಚು. ಕೊನೆಯದರಲ್ಲಿ ವ್ಯಾಪಾರ-ವ್ಯವಹಾರಕ್ಕೆ ಕಂಪ್ಯೂಟರಿನ ಬಳಕೆ ಹೆಚ್ಚು. ಕರ್ನಾಟಕದಲ್ಲಿ ಸಿಎಸ್‌ಇ ಮತ್ತು ಐಎಸ್‌ಇ ಎಂಬ ಎರಡು ಶಾಖೆಗಳಿವೆ. ಅವುಗಳ ಸಿಲಬಸ್ ಬಹುಮಟ್ಟಿಗೆ ಒಂದೇ. ಸಿಎಸ್‌ಇ ಸಿಗಲಿಲ್ಲವೆಂದು ಒಳ್ಳೆಯ ಕಾಲೇಜಿನ ಐಎಸ್‌ಇ ಬಿಟ್ಟು ಅಷ್ಟೇನೂ ಚೆನ್ನಾಗಿಲ್ಲದ ಕಾಲೇಜಿನ ಸಿಎಸ್‌ಇ ಹಿಡಿಯುವುದರಲ್ಲಿ ಅರ್ಥವಿಲ್ಲ. ಈಚೆಗೆ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಬಾಲಗಳನ್ನು ಹಚ್ಚಿದ ಪದವಿಗಳು ಬಂದಿವೆ. ನಾವು ಓದುವಾಗ ಇ-ಕಾಮರ್ಸ್, ಮಲ್ಟಿಮೀಡಿಯಾ ಎಂಬ ಬಾಲಗಳಿದ್ದವು. ಬಾಲ ನೋಡಿ ದನ ಕೊಳ್ಳುವವರು ಯಾರೂ ಇಲ್ಲ. ಕೋರ್ಸಿನ ಒಳಗೆ ಏನಿದೆ ನೋಡಬೇಕು.

ಒಳಗೆ ಏನಿರಬೇಕು? ಒಂದು ಉದಾಹರಣೆಯಿಂದ ಹೇಳುತ್ತೇನೆ. ಸಂದರ್ಶನದಲ್ಲಿ ನಾನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಹತ್ತು ಲಕ್ಷ ಹೆಸರುಗಳು ಅಕಾರಾದಿಯಾಗಿ ಜೋಡಿಸಿಟ್ಟಿವೆ, ಅದರಲ್ಲಿ ಒಂದು ಹೆಸರು ಹುಡುಕಲು ಎಷ್ಟು ಸಲ ನೋಡಬೇಕು? ಮೊದಲಿನಿಂದ ನೋಡುತ್ತಾ ಹೋದರೆ ಹತ್ತು ಲಕ್ಷ ಸಲವೂ ಆಗಬಹುದು. ನಡುವಿನ ಹೆಸರನ್ನು ನೋಡಿ, ನಮಗೆ ಬೇಕಾದದ್ದು ಅದಕ್ಕಿಂತ ಹಿಂದೋ ಮುಂದೋ ಎಂದು ತಿಳಿದು, ಅರ್ಧವನ್ನು ಬಿಟ್ಟು, ಉಳಿದ ಅರ್ಧದಲ್ಲಿ ಮತ್ತೆ ನಡುವಿನದನ್ನು ನೋಡುತ್ತಾ ಹೋದರೆ ಹೆಚ್ಚೆಂದರೆ 20 ಸಲ ಸಾಕು, ಏಕೆಂದರೆ ಎರಡನ್ನು 20 ಸಲ ಗುಣಿಸಿದರೆ ಹತ್ತು ಲಕ್ಷ ದಾಟುತ್ತದೆ. ಇದು ಎಲ್ಲ ಪುಸ್ತಕದಲ್ಲೂ ಇರುವ ವಿಷಯ. ನನ್ನ ಮುಂದಿನ ಪ್ರಶ್ನೆ: ಪ್ರತಿ ನಿಮಿಷಕ್ಕೆ ನೂರು ಹೊಸ ಹೆಸರು ಸೇರುತ್ತಿದ್ದರೆ? ಪ್ರತಿ ಹೊಸ ಹೆಸರಿಗೂ ಜಾಗ ಮಾಡಲು ಮಿಕ್ಕವನ್ನೆಲ್ಲ ಸರಿಸಬೇಕೇ? ಹೆಸರುಗಳು ಒಂದೇ ಯಂತ್ರದಲ್ಲಿ ಹಿಡಿಸದಿದ್ದರೆ? ಇಲ್ಲಿ ಹುಡುಗರು ಎರಡು ಗುಂಪಾಗುತ್ತಾರೆ. ಒಂದು ಗುಂಪು ಯಾವುದೋ ಸಾಫ್ಟ್‌ವೇರಿನ ಹೆಸರು ಹೇಳಿ ನಿಲ್ಲುತ್ತದೆ. ಇನ್ನೊಂದು ಗುಂಪು ಕಾಗದ ಪೆನ್ನು ಕೇಳಿ ಚಿತ್ರ ಬರೆಯಲು ಶುರುಮಾಡುತ್ತದೆ. ಎರಡನೆಯ ಗುಂಪಿನವರು ದೊಡ್ಡ ಹೆಸರಿನ ಕಾಲೇಜುಗಳಿಂದಲೇ ಬಂದಿರುತ್ತಾರೆ ಎಂದು ನೀವು ತಿಳಿದಿದ್ದರೆ ಅದು ನಿಜವಲ್ಲ. ಅವರನ್ನು ಒಂದುಗೂಡಿಸುವುದು ಇಷ್ಟು: ಅವರು ಓದಿದ ಕಡೆ ಯಾರೋ ಒಬ್ಬ ಮೇಷ್ಟ್ರು ಇದನ್ನು ಅವರ ಕೈಯಿಂದಲೇ ಮಾಡಿಸಿರುತ್ತಾರೆ.

ಆದ್ದರಿಂದ ಸಿಲಬಸ್ ತರಿಸಿಕೊಂಡು, ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್, ಡೇಟಾ ಸ್ಟ್ರಕ್ಚರ್ಸ್, ಆಲ್ಗೊರಿದಮ್ಸ್, ಕಂಪ್ಯೂಟರ್ ಆರ್ಗನೈಸೇಷನ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ನೆಟ್‌ವರ್ಕ್ಸ್ ಎಂಬ ಏಳು ಹೆಸರುಗಳನ್ನು ಹುಡುಕಿ. ಇವು ಕಡ್ಡಾಯವೋ ಐಚ್ಛಿಕವೋ? ಪ್ರತಿಯೊಂದಕ್ಕೂ ಪ್ರಯೋಗಾಲಯದ ಗಂಟೆಗಳಿವೆಯೇ? ಡೇಟಾ ಸ್ಟ್ರಕ್ಚರ್ಸ್ ಮತ್ತು ಆಲ್ಗೊರಿದಮ್ಸ್ ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ತುರುಕಿದ್ದಾರೆಯೇ? ಒಂದು ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಐಚ್ಛಿಕವಾಗಿ, 'ಡಿಜಿಟಲ್ ಉದ್ಯಮಶೀಲತೆ' ಕಡ್ಡಾಯವಾಗಿದ್ದರೆ ಆ ಪತ್ರವನ್ನು ನಾನು ಪಕ್ಕಕ್ಕಿಡುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟು, ಇಂಡಸ್ಟ್ರಿಯಲ್ ಟ್ರೈನಿಂಗ್ ಎಷ್ಟು ವಾರದ್ದು, ಕಂಪನಿಯನ್ನು ಹುಡುಕಿಕೊಡುವವರು ಯಾರು ಎಂಬುದನ್ನೂ ಕೇಳಿ. ಉತ್ತರಗಳನ್ನು ಪ್ರವೇಶ ವಿಭಾಗದವರಿಂದಲ್ಲ, ಅಲ್ಲಿ ಎರಡನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳಿಂದ ಪಡೆಯಬೇಕು. ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕುಳಿತರೆ ಬ್ರೋಷರಿನಲ್ಲಿಲ್ಲದ ಎಲ್ಲವೂ ತಿಳಿಯುತ್ತದೆ.

"ಎಐ ಬಂದಿದೆಯಲ್ಲ, ಪ್ರೋಗ್ರಾಮನ್ನು ಅದೇ ಬರೆಯುತ್ತದಂತೆ; ಇನ್ನು ಈ ಓದೇ ಬೇಕೇ?" ಎಂದು 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಎಲ್ಲರೂ ಕೇಳುತ್ತಾರೆ. ಅದು ಬರೆಯುತ್ತದೆ, ನಿಜ. ನಾನೂ ದಿನವೂ ಬಳಸುತ್ತೇನೆ. ಬರೆದದ್ದು ಸರಿಯೇ, ಹತ್ತು ಲಕ್ಷ ಹೆಸರಿಗೂ ತಡೆದೀತೇ ಎಂದು ಹೇಳಬಲ್ಲವರು ಬೇಕು. ಮೇಲಿನ ಏಳು ವಿಷಯ ಬಾರದವರಿಗೆ ಕಷ್ಟದ ದಿನಗಳು ಬಂದಿವೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಮೂರು ವರ್ಷವೋ, ನಾಲ್ಕು ವರ್ಷವೋ?

ಮಲೇಷ್ಯಾದ ಕಂಪ್ಯೂಟರ್ ಸೈನ್ಸ್ ಪದವಿ ಸಾಮಾನ್ಯವಾಗಿ ಮೂರು ವರ್ಷದ್ದು, ಕನಿಷ್ಠ 120 ಕ್ರೆಡಿಟ್. ಭಾರತದ ಬಿ.ಇ. ನಾಲ್ಕು ವರ್ಷದ್ದು, ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ 160 ಕ್ರೆಡಿಟ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಾರದು. ಇಲ್ಲಿಯ ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಯ ಓದು, ಪರೀಕ್ಷೆ ಎಲ್ಲ ಸೇರಿ 40 ಗಂಟೆಯ ದುಡಿಮೆ. ಅಲ್ಲಿ ವಾರಕ್ಕೊಂದು ಗಂಟೆಯ ಪಾಠ ಸೆಮಿಸ್ಟರಿಗೆ ಒಂದು ಕ್ರೆಡಿಟ್. ಸೇರಿಗೂ ಕಿಲೋಗೂ ಇರುವಷ್ಟು ವ್ಯತ್ಯಾಸ. ಒಂದು ವರ್ಷ ಕಡಿಮೆಯೆಂದರೆ ಒಂದು ವರ್ಷದ ಖರ್ಚು ಉಳಿತಾಯ, ಒಂದು ವರ್ಷ ಮೊದಲೇ ಸಂಪಾದನೆ. ಆದರೆ ಮುಂದೆ ಎಂ.ಎಸ್. ಮಾಡುವ ಮನಸ್ಸಿದ್ದರೆ ಗಮನಿಸಿ: ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಅಪೇಕ್ಷಿಸುತ್ತವೆ, ಬ್ರಿಟಿಷ್ ಮಾದರಿಯ ಮೂರು ವರ್ಷದ ಆನರ್ಸ್ ಪದವಿಯನ್ನು ಒಪ್ಪುವವೂ ಇವೆ. ಭಾರತಕ್ಕೆ ಮರಳಿ ಓದುವವರಿಗೆ ವಿದೇಶಿ ಪದವಿಯ ತತ್ಸಮಾನತೆಯ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮಗಳನ್ನು ಹೊರಡಿಸಿದೆ. ಹೋಗಬಹುದಾದ ಎರಡು ಮೂರು ಕಡೆಯ ಪ್ರವೇಶ ನಿಯಮವನ್ನು ಈಗಲೇ ಓದಿಡುವುದು ಒಳ್ಳೆಯದು.

ಪಾಸು ಯಾರ ಹೆಸರಿನಲ್ಲಿದೆ?

ಇದು ನಮ್ಮಂತಹ ಕುಟುಂಬಗಳಿಗೇ ವಿಶೇಷವಾದ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರು ಎಂಪ್ಲಾಯ್‌ಮೆಂಟ್ ಪಾಸಿನ ಮೇಲೆ ಇಲ್ಲಿದ್ದೇವೆ. ಹೆಂಡತಿ, ಮಕ್ಕಳದು ಡಿಪೆಂಡೆಂಟ್ ಪಾಸು. ತಂದೆಯ ಕೆಲಸ ಹೋದರೆ ತಂದೆಯ ಪಾಸು ಹೋಗುತ್ತದೆ, ಅದರೊಂದಿಗೆ ಉಳಿದವರದ್ದೂ. ಮಗಳು ಆಗ ಮೂರನೆಯ ಸೆಮಿಸ್ಟರಿನಲ್ಲಿದ್ದರೆ?

ಕ್ಲಾಂಗ್ ಕಣಿವೆಯ ಒಂದು ಕುಟುಂಬ ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಎದುರಿಸಿತು. ಮಗಳ ಕೈಯಲ್ಲಿ ಮೂರು ಪತ್ರಗಳಿದ್ದವು. ಒಂದು ವಿದೇಶಿ ವಿಶ್ವವಿದ್ಯಾಲಯದ ಇಲ್ಲಿಯ ಶಾಖೆಯದು, ಫೀಸಿನಲ್ಲಿ ಅರ್ಧದಷ್ಟು ವಿದ್ಯಾರ್ಥಿವೇತನದೊಂದಿಗೆ. ಇನ್ನೊಂದು ಇಲ್ಲಿಯದೇ ಒಂದು ಖಾಸಗಿ ವಿಶ್ವವಿದ್ಯಾಲಯದ್ದು. ಮೂರನೆಯದು ಬೆಂಗಳೂರಿನ ಎನ್‌ಆರ್‌ಐ ಸೀಟು. ಮನೆಯಲ್ಲಿ ಎಲ್ಲರ ಮನಸ್ಸು ಮೊದಲನೆಯದರ ಮೇಲೆ. ಹೆಸರೂ ದೊಡ್ಡದು, ಅರ್ಧ ಫೀಸೂ ಉಳಿಯುತ್ತದೆ. ತಂದೆಯ ಕೆಲಸದ ಗುತ್ತಿಗೆ ಒಂದೂವರೆ ವರ್ಷದಲ್ಲಿ ಮುಗಿಯುವುದಿತ್ತು. ಕಿರಿಯ ಮಗ ಏಳನೆಯ ತರಗತಿಯಲ್ಲಿದ್ದ.

ಹುಡುಗಿ ಜಾಣೆ. ತಾನೇ ಒಂದು ಕೋಷ್ಟಕ ಮಾಡಿ ತಂದಳು. ವಿದ್ಯಾರ್ಥಿವೇತನದ ಕರಾರಿನಲ್ಲಿ ಪ್ರತಿ ಸೆಮಿಸ್ಟರಿನಲ್ಲೂ ಇಂತಿಷ್ಟು ಸರಾಸರಿ ಅಂಕ ಉಳಿಸಿಕೊಳ್ಳಬೇಕೆಂದಿತ್ತು. ತಪ್ಪಿದರೆ ಮುಂದಿನ ಸೆಮಿಸ್ಟರಿನಿಂದ ಪೂರ್ತಿ ಫೀಸು. ಅವಳ ಕೋಷ್ಟಕದಲ್ಲಿ ನಾಲ್ಕು ಕಂಬಸಾಲುಗಳಿದ್ದವು: ಎಲ್ಲವೂ ಸುಸೂತ್ರವಾದರೆ ಎಷ್ಟು, ವಿದ್ಯಾರ್ಥಿವೇತನ ಹೋದರೆ ಎಷ್ಟು, ಅಪ್ಪ ಊರಿಗೆ ಮರಳಿದರೆ ಎಷ್ಟು, ಎರಡೂ ಒಟ್ಟಿಗೆ ಆದರೆ ಎಷ್ಟು. ಮೊದಲ ಸಾಲಿನಲ್ಲಿ ಶಾಖಾ ಕ್ಯಾಂಪಸ್ಸೇ ಗೆದ್ದಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಅದರ ಮೊತ್ತ ಮನೆಯ ಉಳಿತಾಯವನ್ನೆಲ್ಲ ನುಂಗಿ ತಮ್ಮನ ಓದಿಗೂ ಕೈಹಾಕುತ್ತಿತ್ತು. ಖಾಸಗಿ ವಿಶ್ವವಿದ್ಯಾಲಯದ ಮೊತ್ತ ನಾಲ್ಕೂ ಸಾಲುಗಳಲ್ಲಿ ಉಳಿತಾಯದ ಒಳಗೇ ಇತ್ತು. ಅಲ್ಲಿಯ ಸಿಲಬಸ್ಸಿನಲ್ಲಿ ಆ ಏಳು ವಿಷಯಗಳೂ ಕಡ್ಡಾಯವಾಗಿದ್ದವು, ಮಾನ್ಯತೆಯೂ ಪೂರ್ಣವಾಗಿತ್ತು. ಬೆಂಗಳೂರಿನದು ನಡುವೆ ಎಲ್ಲೋ ಇತ್ತು, ಆದರೆ ನಾಲ್ಕನೆಯ ವರ್ಷದ ಶುಲ್ಕವನ್ನು ಬರೆದುಕೊಡಲು ಆ ಕಾಲೇಜಿನವರು ಒಪ್ಪಲಿಲ್ಲ.

ಖಾಸಗಿ ವಿಶ್ವವಿದ್ಯಾಲಯವನ್ನೇ ಆರಿಸಿದರು. ಮುಖ್ಯವಾಗಿ, ಮಗಳು ಮನೆಯಲ್ಲೇ ಇದ್ದರೂ ಅವಳ ಹೆಸರಿನಲ್ಲೇ ಪ್ರತ್ಯೇಕ ಸ್ಟೂಡೆಂಟ್ ಪಾಸು ಮಾಡಿಸಿದರು. ಉನ್ನತ ಶಿಕ್ಷಣಕ್ಕೆ ಬರುವ ವಿದೇಶಿ ವಿದ್ಯಾರ್ಥಿಗಳ ಪಾಸಿನ ಅರ್ಜಿಗಳನ್ನು ಇಎಂಜಿಎಸ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಕಾಲೇಜಿನ ಮೂಲಕವೇ ಅರ್ಜಿ ಹಾಕಬೇಕು. "ಅಯ್ಯೋ, ಅದ್ಯಾವ ಕಾಲೇಜು? ಹೆಸರೇ ಕೇಳಿಲ್ಲವಲ್ಲ!" ಎಂದು ಊರಿನಲ್ಲಿ ಚಿಕ್ಕಮ್ಮ-ದೊಡ್ಡಮ್ಮಂದಿರು ಅಂದದ್ದನ್ನು ತಾಯಿ ನುಂಗಿಕೊಳ್ಳಬೇಕಾಯಿತು. ತಂದೆಯ ಗುತ್ತಿಗೆ ಮುಂದುವರಿಯಿತು. ಹೆದರಿದಂತೆ ಏನೂ ಆಗಲಿಲ್ಲ. ಹಾಗಾದರೆ ಶಾಖಾ ಕ್ಯಾಂಪಸ್ಸಿಗೇ ಹೋಗಬಹುದಿತ್ತಲ್ಲವೇ ಎಂದು ಆಮೇಲೆ ಅವರನ್ನು ಕೇಳಿದವರುಂಟು. ಹೋಗಬಹುದಿತ್ತು. ಆದರೆ ಮೂರು ವರ್ಷ ಆ ಮನೆಯಲ್ಲಿ ಯಾರೂ ಇಮೇಲ್ ತೆರೆಯಲು ಹೆದರಲಿಲ್ಲ; ಅದಕ್ಕೂ ಒಂದು ಬೆಲೆ ಇದೆ ಎಂದು ನಾನು ಭಾವಿಸುತ್ತೇನೆ.

ಇಲ್ಲಿ ಓದಿದರೆ ಇಲ್ಲಿಯೇ ಕೆಲಸ ಸಿಗುತ್ತದೆ ಎಂದು ಕೆಲವರು ಎಣಿಸುತ್ತಾರೆ. ಪೌರತ್ವವಿಲ್ಲದ ಮಕ್ಕಳಿಗೆ ಕೆಲಸಕ್ಕೆ ಮತ್ತೆ ಎಂಪ್ಲಾಯ್‌ಮೆಂಟ್ ಪಾಸು ಬೇಕು; ಅದಕ್ಕೆ ಸರ್ಕಾರ ಕನಿಷ್ಠ ಸಂಬಳವನ್ನು ಗೊತ್ತುಪಡಿಸಿ ಕಾಲಕಾಲಕ್ಕೆ ಬದಲಿಸುತ್ತಿರುತ್ತದೆ. ಹೊಸಬರ ಸಂಬಳ ಆ ಮಿತಿ ಮುಟ್ಟುವುದು ಸುಲಭವಲ್ಲ. ಆದ್ದರಿಂದ ಪದವಿ ಮುಗಿದ ಮೇಲೆ ಬೆಂಗಳೂರಿಗೆ ಹೋಗಿ ಕೆಲಸ ಹುಡುಕುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಸೇರಿಸಿ.

ಪ್ಲೇಸ್‌ಮೆಂಟ್ ಜಾಹೀರಾತುಗಳ ಬಗ್ಗೆ

ಕರ್ನಾಟಕದ ಕಾಲೇಜುಗಳ ಬ್ರೋಷರುಗಳಲ್ಲಿ 'ಸರಾಸರಿ ಸಂಬಳ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಹತ್ತು ಹುಡುಗರಲ್ಲಿ ಒಬ್ಬನಿಗೆ ವರ್ಷಕ್ಕೆ 40 ಲಕ್ಷ, ಉಳಿದ ಒಂಬತ್ತು ಮಂದಿಗೆ ತಲಾ 4 ಲಕ್ಷ ಸಿಕ್ಕಿದರೆ ಸರಾಸರಿ 7.6 ಲಕ್ಷ ಆಗುತ್ತದೆ. ಆ ಹತ್ತರಲ್ಲಿ ಒಬ್ಬನಿಗೂ 7.6 ಲಕ್ಷ ಸಿಕ್ಕಿಲ್ಲ! ಕೇಳಬೇಕಾದದ್ದು ನಡುವಿನ ಹುಡುಗನಿಗೆ ಎಷ್ಟು ಸಿಕ್ಕಿತು ಎಂದು. 'ಶೇ. 100 ಪ್ಲೇಸ್‌ಮೆಂಟ್' ಎಂದಿದ್ದರೆ, ಓದಿದವರೆಲ್ಲರಲ್ಲಿ ನೂರಕ್ಕೆ ನೂರೋ, ಹೆಸರು ಕೊಟ್ಟವರಲ್ಲಿ ಮಾತ್ರವೋ ಎಂದು ಕೇಳಿ. ಇಲ್ಲಿಯ ಖಾಸಗಿ ಕಾಲೇಜುಗಳ 'ಆರು ತಿಂಗಳಲ್ಲಿ ಉದ್ಯೋಗ' ಎಂಬ ಅಂಕಿಗೂ ಇದೇ ಮಾತು. ಎಂತಹ ಉದ್ಯೋಗ ಎಂಬುದನ್ನು ಅವು ಹೇಳುವುದಿಲ್ಲ.

ಇನ್ನು ಏಜೆಂಟರ ವಿಷಯ. ಅವರ ಕಮಿಷನ್ ಕಾಲೇಜಿನಿಂದ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಮಾತನಾಡಿ. "ಇವತ್ತೇ ಕೊನೆಯ ದಿನ, ಈಗಲೇ ಕಟ್ಟಿ" ಎಂದು ಆತುರಪಡಿಸಿದರೆ, ಕಾಲೇಜಿನ ಪ್ರವೇಶ ವಿಭಾಗಕ್ಕೆ ನೇರವಾಗಿ ಇಮೇಲ್ ಬರೆದು ಎರಡು ವಾರ ಕಾಲಾವಕಾಶ ಕೇಳಿ. ಸಭ್ಯವಾಗಿ ಕೇಳಿದವರಿಗೆ ಅನೇಕ ಕಾಲೇಜುಗಳು ಕೊಡುತ್ತವೆ. ಜೆಇಇ ಫಲಿತಾಂಶ, ದಾಸಾ ಸೀಟು ಹಂಚಿಕೆ ಮುಗಿಯುವ ಮುನ್ನವೇ ಇಲ್ಲಿಯ ಮುಂಗಡದ ದಿನಾಂಕ ಬರುವುದುಂಟು. ಅಂತಹ ಸಂದರ್ಭದಲ್ಲಿ ಕಟ್ಟಿದ ಹಣ ಎಷ್ಟು ದಿನಗಳೊಳಗೆ ಕೇಳಿದರೆ, ಎಷ್ಟು ವಾಪಸು ಬರುತ್ತದೆ ಎಂಬ ನಿಯಮವನ್ನು ಮೊದಲು ಓದಿ, ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಲೇಷ್ಯಾದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಎರಡು-ಮೂರು ಬಾರಿ ಪ್ರವೇಶವಿರುತ್ತದೆ. ಆಗಸ್ಟ್-ಸೆಪ್ಟೆಂಬರಿನದು ತಪ್ಪಿದರೂ ವರ್ಷದ ಆರಂಭದಲ್ಲಿ ಇನ್ನೊಂದು ಬರುತ್ತದೆ, ಪೂರ್ತಿ ವರ್ಷ ಹಾಳಾಗುವುದಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ಮಾತ್ರ ಪ್ರವೇಶ ವರ್ಷಕ್ಕೊಮ್ಮೆಯೇ.